ಡೋಸ್ ಹೆಚ್ಚಾದರೆ ಚಟ ಅಂದ್ಕೋಬೇಡಿ, ಮೊದಲು ಗಾಯ ನೋಡಿ!

ಮನೆಯಲ್ಲಿ ಒಬ್ಬರಿಗೆ ಮಾಯದ ಗಾಯ. ನೋವಿಗೆ ಡಾಕ್ಟರು ಮಾರ್ಫಿನ್ ಬರೆದಿದ್ದಾರೆ. ಮೊದಲು ಸಾಕಾಗುತ್ತಿದ್ದ ಮಾತ್ರೆ ಈಗ ಸಾಲುತ್ತಿಲ್ಲ. ಕೊಡೋದಾ, ಬೇಡವಾ? ಗಾಯ ತೊಳೆಯುವ, ಮಾತ್ರೆ ಎಣಿಸುವ, ರಾತ್ರಿಯೆಲ್ಲ ಎದ್ದಿರುವ ಹೆಣ್ಣುಮಕ್ಕಳಿಗಾಗಿ ಈ ಬರಹ.

ನೊಣವಿನಕೆರೆ ಹತ್ತಿರದ ಒಂದು ತೋಟದ ಮನೆ ಅಂದುಕೊಳ್ಳಿ. ಆ ಮನೆಯ ಸೊಸೆ ನೀವೇ. ಅಟ್ಟದ ಮೇಲೆ ಕಾಯಿಗಳು ಕೊಬ್ಬರಿಯಾಗಲು ತಿಂಗಳುಗಟ್ಟಲೆ ಕಾಯುತ್ತಾ ಕೂತಿವೆ. ಹಿತ್ತಿಲಲ್ಲಿ ಚಿಪ್ಪು ಒಡೆಯುವ ಸದ್ದು. ನಡುಮನೆಯ ಮಂಚದ ಮೇಲೆ ಅತ್ತೆ. ಮೂವತ್ತು ವರ್ಷ ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಹಾಕಿಕೊಂಡ ಬಾಯಿ. ಕೆನ್ನೆಯೊಳಗೆ ಶುರುವಾದ ಹುಣ್ಣು ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಈಗ ಅದು ಹೊರಗೂ ಒಡೆದುಕೊಂಡಿದೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮಾರ್ಫಿನ್ ಮಾತ್ರೆ ಕೊಟ್ಟು, ನಾಲ್ಕು ಗಂಟೆಗೊಂದು ನುಂಗಿಸಿ ಅಂದರು. ಎರಡು ವಾರ ಅತ್ತೆ ಚೆನ್ನಾಗಿ ನಿದ್ದೆ ಮಾಡಿದರು, ಗಂಜಿ ಕುಡಿದರು, ಮೊಮ್ಮಕ್ಕಳ ಹತ್ತಿರ ಮಾತಾಡಿದರು. ಆಮೇಲೆ ಮೂರು ಗಂಟೆಗೇ ಕೇಳೋಕೆ ಶುರು ಮಾಡಿದರು. "ಇನ್ನೊಂದು ಕೊಡಮ್ಮ, ತಡಿಯಾಕಾಗಲ್ಲ."

ಗಂಡ ಹೇಳ್ತಾರೆ, "ಕೇಳ್ದಾಗೆಲ್ಲ ಕೊಟ್ರೆ ಚಟ ಹತ್ಕೊಳ್ಳುತ್ತೆ ಕಣೇ." ನಾದಿನಿ ಫೋನಿನಲ್ಲಿ, "ಅತ್ತಿಗೆ, ಅದು ಅಫೀಮಂತೆ, ಜಾಸ್ತಿ ಕೊಡ್ಬೇಡಿ." ನೀವು ಮಾತ್ರೆಯ ಪಟ್ಟಿಯನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಡುತ್ತೀರಿ. ರಾತ್ರಿ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನರಳುವುದು ಕೇಳಿಸುತ್ತದೆ. ಕೊಡದಿದ್ದರೆ ಪಾಪ, ಕೊಟ್ಟರೆ ಭಯ!

ಈ ಇಕ್ಕಟ್ಟು ನಿಮ್ಮೊಬ್ಬರದಲ್ಲ. ಇದಕ್ಕೆ ದಾರಿಯಿದೆ.

ಗಸಗಸೆ ಗಿಡದ ಇನ್ನೊಂದು ಮುಖ

ಮಾರ್ಫಿನ್ ಎಲ್ಲಿಂದ ಬರುತ್ತದೆ ಗೊತ್ತೇ? ಹಬ್ಬದ ದಿನ ಕೊಬ್ಬರಿ ಜೊತೆ ರುಬ್ಬಿ ಪಾಯಸ ಮಾಡುತ್ತೀರಲ್ಲ, ಆ ಗಸಗಸೆಯ ಗಿಡದಿಂದಲೇ. ಪಾಯಸಕ್ಕೆ ಬರುವುದು ಒಣಗಿದ ಬೀಜ. ಅದೇ ಗಿಡದ ಹಸಿ ಕಾಯನ್ನು ಗೀರಿದಾಗ ಒಸರುವ ಹಾಲು ಗಟ್ಟಿಯಾದರೆ ಅಫೀಮು. ಅಫೀಮಿನಿಂದ ಮಾರ್ಫಿನ್ ಬೇರ್ಪಡಿಸಿದ್ದು ಜರ್ಮನಿಯ ಸೆರ್ಟ್ಯೂರ್ನರ್ ಎಂಬ ಔಷಧ ತಯಾರಕ, 1800ರ ದಶಕದ ಆರಂಭದಲ್ಲಿ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿ ಪಡೆದ ರೈತರು ಇದನ್ನು ಬೆಳೆಯುತ್ತಾರೆ. ನೀಮಚ್ ಮತ್ತು ಘಾಜಿಪುರಗಳಲ್ಲಿ ಸರ್ಕಾರಿ ಕಾರ್ಖಾನೆಗಳಿವೆ.

ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಕ್ಯಾನ್ಸರ್ ನೋವಿಗೆ ಮೆಟ್ಟಿಲು ಹತ್ತಿದಂಥ ಕ್ರಮವೊಂದನ್ನು ಹೇಳಿತು. ಸಣ್ಣ ನೋವಿಗೆ ಪ್ಯಾರಾಸಿಟಮಾಲ್‌ನಂಥದ್ದು, ತೀವ್ರ ನೋವಿಗೆ ಮಾರ್ಫಿನ್‌ನಂಥದ್ದು. ಮಾರ್ಫಿನ್ ಅಂದರೆ 'ಕೊನೆಗಾಲದ ಮದ್ದು' ಅಲ್ಲ. ತೀವ್ರ ನೋವಿನ ಮದ್ದು, ಅಷ್ಟೇ. ಬೇಕಾದ ಡೋಸ್ ಹಾಕುವುದರಿಂದ ಆಯಸ್ಸು ಕಡಿಮೆಯಾಗುವುದಿಲ್ಲ. ನೋವು ಇಳಿದವರು ನಾಲ್ಕು ತುತ್ತು ಜಾಸ್ತಿ ಉಣ್ಣುತ್ತಾರೆ, ನಿದ್ದೆ ಮಾಡುತ್ತಾರೆ.

ಒಗ್ಗುವುದು, ಅವಲಂಬನೆ, ಚಟ: ಮೂರೂ ಬೇರೆ ಬೇರೆ

ಮೊದಲ ಸಲ ಕಾಯಿ ಸುಲಿಯಲು ಕೂತವರ ಅಂಗೈ ನೋಡಿದ್ದೀರಾ? ಬೊಬ್ಬೆ ಎದ್ದಿರುತ್ತದೆ. ಆರು ತಿಂಗಳು ಕಳೆಯಲಿ, ಅದೇ ಅಂಗೈ ಜಡ್ಡುಗಟ್ಟಿರುತ್ತದೆ. ದೇಹ ಮಾರ್ಫಿನ್ನಿಗೂ ಹಾಗೇ ಒಗ್ಗುತ್ತದೆ. ನರಗಳಲ್ಲಿ ಈ ಔಷಧ ಹೋಗಿ ಕೂರುವ ಜಾಗಗಳಿವೆ. ದಿನಾ ಬಂದು ಕೂತರೆ ಆ ಜಾಗಗಳು ಸ್ವಲ್ಪ ಜಡ್ಡಾಗುತ್ತವೆ. ಆಗ ಮೊದಲಿನಷ್ಟೇ ಪರಿಣಾಮಕ್ಕೆ ಸ್ವಲ್ಪ ಹೆಚ್ಚು ಬೇಕಾಗಬಹುದು. ಇದು ಒಗ್ಗುವಿಕೆ.

ಎರಡನೆಯದು ಅವಲಂಬನೆ. ವಾರಗಟ್ಟಲೆ ತೆಗೆದುಕೊಂಡು ಥಟ್ಟನೆ ನಿಲ್ಲಿಸಿದರೆ ಬೆವರು, ಮೂಗು ಸೋರುವುದು, ಮೈ ಜುಮ್ಮೆನ್ನುವುದು, ಹೊಟ್ಟೆ ನುಲಿತ, ಭೇದಿ ಬರಬಹುದು. ಇದು ದೇಹದ ಗುಣ, ಮನಸ್ಸಿನ ದೋಷ ಅಲ್ಲ. ಹಾಗಾಗಿಯೇ ಡಾಕ್ಟರು ನಿಲ್ಲಿಸಬೇಕಾದಾಗ ಮೆಲ್ಲಗೆ ಇಳಿಸುತ್ತಾ ಬರುತ್ತಾರೆ.

ಮೂರನೆಯದು ಚಟ. ನೋವಿಲ್ಲದಿದ್ದರೂ ಮತ್ತಿಗಾಗಿ ಬೇಕು, ಕೆಡುಕಾಗುತ್ತಿದೆ ಅಂತ ಗೊತ್ತಿದ್ದರೂ ಬಿಡಲಾಗದು, ಅದಕ್ಕಾಗಿ ಸುಳ್ಳು, ಸಾಲ, ಕಳವು. ಕ್ಯಾನ್ಸರ್ ನೋವಿಗೆ ಸರಿಯಾದ ನಿಗಾದಲ್ಲಿ ಮಾರ್ಫಿನ್ ತೆಗೆದುಕೊಳ್ಳುವವರಲ್ಲಿ ಇದು ಅಪರೂಪ. ಹಿಂದೆ ಕುಡಿತ ಅಥವಾ ಬೇರೆ ಚಟ ಇದ್ದವರಾದರೆ ಅದನ್ನು ಡಾಕ್ಟರಿಗೆ ಮುಚ್ಚಿಡಬೇಡಿ. ಅವರಿಗೂ ನೋವಿನ ಔಷಧ ಸಿಗುತ್ತದೆ, ನಿಗಾ ಮಾತ್ರ ಹೆಚ್ಚಿರುತ್ತದೆ.

ಹಾಗಾದರೆ ಅತ್ತೆ ಗಡಿಯಾರ ನೋಡುತ್ತಾ ಮಾತ್ರೆಗೆ ಕಾಯುವುದೇಕೆ? ಕೊಟ್ಟ ಡೋಸ್ ಮುಂದಿನ ಹೊತ್ತಿನವರೆಗೆ ಸಾಲದಿದ್ದರೆ ಯಾರಾದರೂ ಹಾಗೇ ಮಾಡುತ್ತಾರೆ. ನೋವು ತೀರದೆ ಕೇಳುವವರು ಚಟದವರಂತೆ ಕಾಣುತ್ತಾರೆ ಎಂಬುದನ್ನು 1989ರಲ್ಲೇ ವೈದ್ಯರು ಗುರುತಿಸಿ ಬರೆದರು. ನೋವು ಇಳಿಸಿದರೆ ಆ 'ಚಟ' ತಾನಾಗಿ ಮಾಯ!

ಡೋಸ್ ಸಾಲದಾದಾಗ ಮೊದಲು ಏನು ನೋಡಬೇಕು?

ತುಂಬಾ ಜನ ಇಲ್ಲೇ ಎಡವುವುದು. 'ಮದ್ದು ಒಗ್ಗಿಹೋಯ್ತು' ಅಂತ ಸುಮ್ಮನಾಗುತ್ತಾರೆ. ಆದರೆ ತೆರೆದ ಗಾಯ ಇರುವವರಲ್ಲಿ ನೋವು ಹೆಚ್ಚಿದೆ ಅಂದರೆ ಎಷ್ಟೋ ಸಲ ಬದಲಾಗಿರುವುದು ಗಾಯ, ದೇಹವಲ್ಲ. ಆದ್ದರಿಂದ ಬಟ್ಟೆ ಬಿಚ್ಚಿ, ಬೆಳಕಿನಲ್ಲಿ ಗಾಯ ನೋಡಿ.

* ಹೊಸ ವಾಸನೆ, ಕೀವು, ಸುತ್ತ ಕೆಂಪು, ಬಿಸಿ, ಜ್ವರ ಇದೆಯೇ? ಸೋಂಕು ಇರಬಹುದು. ಇದಕ್ಕೆ ಬೇಕಾದ್ದು ಸೋಂಕಿನ ಔಷಧ. ಮಾರ್ಫಿನ್ ಹೆಚ್ಚಿಸುತ್ತಾ ಹೋದರೆ ಬೇರು ಹಾಗೇ ಉಳಿಯುತ್ತದೆ.
* ಗಾಯ ಅಗಲವಾಗಿದೆಯೇ, ಆಳವಾಗಿದೆಯೇ? ರೋಗ ಮುಂದುವರಿದಿರಬಹುದು. ಆಗ ಡೋಸ್ ಹೆಚ್ಚಿಸುವುದೇ ಸರಿ. ಕೆಲವರಿಗೆ ರೇಡಿಯೇಷನ್ ಕೂಡ ನೋವು ತಗ್ಗಿಸುತ್ತದೆ.
* ಉರಿ, ಕರೆಂಟ್ ಹೊಡೆದಂಥ ಚಳಕು ಇದೆಯೇ? ನರದ ನೋವು ಇರಬಹುದು. ಮಾರ್ಫಿನ್ ಒಂದೇ ಸಾಲದು. ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್‌ನಂಥ ಬೇರೆ ಮಾತ್ರೆ ಸೇರಿಸುತ್ತಾರೆ.
* ನೋವು ಬಟ್ಟೆ ಬಿಚ್ಚುವಾಗ ಮಾತ್ರವೇ? ಹಾಗಿದ್ದರೆ ತಪ್ಪು ಡ್ರೆಸಿಂಗ್‌ನಲ್ಲಿದೆ.
* ಬಾಯಿ ಹುಣ್ಣಿನಿಂದ ಮಾತ್ರೆ ಸರಿಯಾಗಿ ಒಳಗೆ ಹೋಗುತ್ತಿದೆಯೇ? ವಾಂತಿಯಲ್ಲಿ ಹೊರಬರುತ್ತಿದೆಯೇ?

ಇನ್ನೊಂದು ವಿಚಿತ್ರ ಕೂಡ ಉಂಟು. ಅಪರೂಪಕ್ಕೆ, ದೊಡ್ಡ ಡೋಸ್‌ನಲ್ಲಿ ಮಾರ್ಫಿನ್ನೇ ನೋವನ್ನು ಹೆಚ್ಚಿಸುತ್ತದೆ. ಗಾಯ ಇಲ್ಲದ ಕಡೆಯೂ ನೋವು, ಮುಟ್ಟಿದರೂ ನೋವು, ಡೋಸ್ ಏರಿಸಿದಷ್ಟೂ ಏರುವ ನೋವು. ಆಗ ಡಾಕ್ಟರು ಡೋಸ್ ಇಳಿಸುತ್ತಾರೆ ಅಥವಾ ಬೇರೆ ಔಷಧಕ್ಕೆ ಬದಲಿಸುತ್ತಾರೆ. ಇದನ್ನು ಮನೆಯಲ್ಲಿ ತೀರ್ಮಾನಿಸಲು ಆಗದು. ಆದರೆ ನೋಡಿದ್ದನ್ನು ಬರೆದಿಟ್ಟರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದ ಹಾಗೆ.

ಬರೆಯುವುದು ಹೇಗೆ? ಗೋಡೆಯ ಕ್ಯಾಲೆಂಡರ್ ಸಾಕು. ಮಾತ್ರೆ ಕೊಟ್ಟ ಹೊತ್ತು, ನೋವಿನ ಅಳತೆ. ಹಿರಿಯರಿಗೆ 'ಹತ್ತರಲ್ಲಿ ಎಷ್ಟು' ಅಂದರೆ ಅರ್ಥವಾಗದಿದ್ದರೆ ಆಣೆ ಲೆಕ್ಕದಲ್ಲಿ ಕೇಳಿ. "ಹದಿನಾರಾಣೆ ನೋವಿದ್ದಿದ್ದು ಈಗ ಎಷ್ಟಾಣೆಗೆ ಬಂತು ಅತ್ತೆ?" ಥಟ್ಟನೆ ಉತ್ತರ ಬರುತ್ತದೆ. ನಮ್ಮ ಹೆಣ್ಣುಮಕ್ಕಳು 'ಪರವಾಗಿಲ್ಲ' ಅಂದುಬಿಡುವುದೇ ಹೆಚ್ಚು. ಅವರು 'ಎಂಟಾಣೆ' ಅಂದರೆ ಮುಖವನ್ನೂ ಒಮ್ಮೆ ನೋಡಿ.

ಡ್ರೆಸಿಂಗ್‌ಗೆ ಮುಂಚೆ ಮಾತ್ರೆ

ದಿನದ ದೊಡ್ಡ ನೋವು ಬರುವುದು ಗಾಯ ತೊಳೆಯುವಾಗ. ನಿಗದಿತ ಹೊತ್ತಿನ ಮಾತ್ರೆಯಲ್ಲದೆ, ನಡುವೆ ನೋವು ಉಕ್ಕಿದಾಗ ಕೊಡಲು ಡಾಕ್ಟರು ಒಂದು ಹೆಚ್ಚುವರಿ ಡೋಸ್ ಬರೆದುಕೊಡುತ್ತಾರೆ. ಬರೆದಿಲ್ಲವಾದರೆ ಕೇಳಿ ಬರೆಸಿಕೊಳ್ಳಿ. ಅದನ್ನು ಡ್ರೆಸಿಂಗ್‌ಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಮೊದಲು ಕೊಡಿ. ನೋವು ಬಂದ ಮೇಲೆ ಓಡುವುದಕ್ಕಿಂತ ಬರುವ ಮೊದಲೇ ತಡೆಯುವುದು ಸುಲಭ. ಒಟ್ಟಾರೆ ಮಾರ್ಫಿನ್ ಕೂಡ ಕಡಿಮೆ ಸಾಕಾಗಬಹುದು.

ಒಣಗಿ ಅಂಟಿದ ಬಟ್ಟೆಯನ್ನು ಎಂದೂ ಕೀಳಬೇಡಿ. ಒಂದು ಲೀಟರ್ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಹಾಕಿ ಕುದಿಸಿ, ಉಗುರುಬೆಚ್ಚಗೆ ಆರಿಸಿ. ಆ ನೀರು ಸುರಿದು ಬಟ್ಟೆ ತಾನಾಗಿ ಬಿಡುವವರೆಗೆ ಕಾಯಿರಿ. ಹಳೆಯ ಕಾಟನ್ ಪಂಚೆ, ಸೀರೆಯ ಚೂರುಗಳನ್ನು ಒಗೆದು ಒಣಗಿಸಿ, ಮುಚ್ಚಿದ ಡಬ್ಬಿಯಲ್ಲಿಟ್ಟು ಕುಕ್ಕರ್‌ನಲ್ಲಿ ಅರ್ಧ ಗಂಟೆ ಹಬೆಯಲ್ಲಿಟ್ಟರೆ ಮನೆಯಲ್ಲೇ ಡ್ರೆಸಿಂಗ್ ಬಟ್ಟೆ ಸಿದ್ಧ. ಗಾಯಕ್ಕೆ ಒರಟು ಹತ್ತಿ ನೇರವಾಗಿ ಇಡಬೇಡಿ, ಎಳೆ ಅಂಟುತ್ತದೆ.

ವಾಸನೆ? ಅತ್ತೆಗೆ ನೋವಿಗಿಂತ ಇದೇ ದೊಡ್ಡ ಸಂಕಟ. ಮೊಮ್ಮಕ್ಕಳು ಹತ್ತಿರ ಬರಲ್ಲ ಅನ್ನೋ ಕೊರಗು. ಗಾಳಿಯಾಡದ ಕಡೆ ಬೆಳೆಯುವ ಕೆಲವು ರೋಗಾಣುಗಳಿಂದ ಈ ವಾಸನೆ ಬರುತ್ತದೆ. ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಗಾಯಕ್ಕೆ ಉದುರಿಸಲು ಡಾಕ್ಟರು ಹೇಳುವುದು ಇದಕ್ಕೇ. ಕೆಲವೇ ದಿನಗಳಲ್ಲಿ ವಾಸನೆ ತಗ್ಗುತ್ತದೆ. ಊರ ಹೆಸರಲ್ಲೇ ನೊಣ ಇದೆ ಅಂತ ತಮಾಷೆ ಮಾಡಬಹುದು, ಆದರೆ ಗಾಯದ ಮೇಲೆ ನೊಣ ಕೂತರೆ ಹುಳು ಬೀಳುತ್ತದೆ. ಹಗಲೂ ಸೊಳ್ಳೆಪರದೆ ಕಟ್ಟಿ. ಹುಳು ಕಂಡರೆ ನಾಚಿಕೆ ಬೇಡ, ಕೂಡಲೇ ನರ್ಸ್ ಸಹಾಯ ಪಡೆಯಿರಿ. ಅರಿಸಿನ, ಬೂದಿ, ಸೊಪ್ಪಿನ ರಸ ಹಚ್ಚಬೇಡಿ.

ಗಾಯದ ಮೇಲೇ ಮಾರ್ಫಿನ್ ಹಚ್ಚುವ ಪದ್ಧತಿಯೂ ಕೆಲವು ಆಸ್ಪತ್ರೆಗಳಲ್ಲಿದೆ. ಉರಿಯೂತ ಇರುವ ಜಾಗದ ನರದ ತುದಿಗಳಲ್ಲೂ ಈ ಔಷಧ ಕೂರುವ ಜಾಗಗಳು ಹೆಚ್ಚಾಗುತ್ತವೆ. ಹಾಗಾಗಿ ಜೆಲ್‌ನಲ್ಲಿ ಬೆರೆಸಿ ಹಚ್ಚಿದರೆ ಕೆಲವರಿಗೆ ಚೆನ್ನಾಗಿ ನೋವು ಇಳಿಯುತ್ತದೆ. ಆದರೆ ಅಗಲ ಗಾಯದಿಂದ ಔಷಧ ರಕ್ತಕ್ಕೂ ಸೇರಬಹುದು. ಮನೆಯಲ್ಲಿ ಮಾತ್ರೆ ಪುಡಿ ಮಾಡಿ ಹಚ್ಚುವ ಪ್ರಯೋಗ ಖಂಡಿತ ಬೇಡ.

ದೇಹ ಯಾವುದಕ್ಕೆ ಒಗ್ಗುತ್ತೆ, ಯಾವುದಕ್ಕೆ ಒಗ್ಗಲ್ಲ?

ಶುರುವಿನ ಮಂಪರು ಎರಡು ಮೂರು ದಿನಕ್ಕೆ ಇಳಿಯುತ್ತದೆ. ಓಕರಿಕೆಯೂ ಸಾಮಾನ್ಯವಾಗಿ ಒಂದು ವಾರದೊಳಗೆ ಹೋಗುತ್ತದೆ. ಆದರೆ ಮಲಬದ್ಧತೆಗೆ ಮಾತ್ರ ದೇಹ ಒಗ್ಗುವುದೇ ಇಲ್ಲ! ಮಾರ್ಫಿನ್ ಇರುವಷ್ಟು ದಿನವೂ ಹೊಟ್ಟೆ ಸಡಿಲಿಸುವ ಮಾತ್ರೆ ಬೇಕೇ ಬೇಕು. ಮೂರು ದಿನ ಹೊರಗೆ ಹೋಗಿಲ್ಲವೆಂದರೆ ಡಾಕ್ಟರಿಗೆ ಹೇಳಿ.

ಮಾರ್ಫಿನ್ನಿಗೆ ಎಲ್ಲರಿಗೂ ಒಂದೇ 'ಗರಿಷ್ಠ ಡೋಸ್' ಅಂತಿಲ್ಲ. ಒಬ್ಬರಿಗೆ 5 ಮಿಲಿಗ್ರಾಂ ಸಾಕಾದರೆ ಇನ್ನೊಬ್ಬರಿಗೆ 30 ಬೇಕಾಗಬಹುದು. ಅಡ್ಡಪರಿಣಾಮ ತೊಂದರೆ ಕೊಡದೆ ನೋವು ಹಿಡಿತಕ್ಕೆ ಬಂದ ಡೋಸೇ ಅವರ ಡೋಸ್. ಏರಿಸುವುದು ಡಾಕ್ಟರ ಕೆಲಸ, ಸಾಲುತ್ತಿಲ್ಲ ಎಂದು ತಿಳಿಸುವುದು ನಿಮ್ಮ ಕೆಲಸ.

ಬದುಕಿನ ಪ್ರಶ್ನೆ ಇರುವುದು ಇಲ್ಲಿ. ಅತ್ತೆಯ ದೇಹ ಒಗ್ಗಿರುವ ಡೋಸ್ ಇನ್ನೊಬ್ಬರ ಉಸಿರನ್ನೇ ನಿಲ್ಲಿಸಬಹುದು. 'ನನಗೂ ಸೊಂಟನೋವು, ಒಂದು ಕೊಡು' ಎಂದು ಪಕ್ಕದ ಮನೆಯವರು ಕೇಳಿದರೆ ಕೊಡಲೇಬೇಡಿ. ಮಕ್ಕಳ ಕೈಗೆ ಸಿಗದಂತೆ ಬೀರುವಿನಲ್ಲಿಟ್ಟು ಬೀಗ ಹಾಕಿ. ಹಾಗೆಯೇ, ಕೆಲವು ದಿನ ಮಾತ್ರೆ ಬಿಟ್ಟುಹೋಗಿದ್ದರೆ ಆ ಒಗ್ಗುವಿಕೆಯೂ ಇಳಿದಿರುತ್ತದೆ. ಹಳೆಯ ಡೋಸ್‌ನಿಂದಲೇ ಮತ್ತೆ ಶುರು ಮಾಡಬೇಡಿ, ಡಾಕ್ಟರನ್ನು ಕೇಳಿ. ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪ್ಯಾಚ್ ಕೂಡ ಈಗಾಗಲೇ ಇಂಥ ಔಷಧಕ್ಕೆ ಒಗ್ಗಿದ ದೇಹಕ್ಕೆ ಮಾತ್ರ. ಅದನ್ನು ಗಾಯದ ಮೇಲೆ ಅಂಟಿಸಬಾರದು. ಅದರ ಮೇಲೆ ಬಿಸಿನೀರಿನ ಚೀಲ ಇಟ್ಟರೆ ಔಷಧ ಒಮ್ಮೆಗೇ ಒಳಗೆ ಹೋಗುತ್ತದೆ, ಜೋಕೆ.

ಸುಟ್ಟಗಾಯ, ಸಕ್ಕರೆ ಕಾಯಿಲೆಯ ಗಾಯ

ಒಲೆ, ಸ್ಟೌ ಮುಂದೆ ಸುಟ್ಟುಕೊಂಡವರಿಗೆ ವಾರಗಟ್ಟಲೆ ಡ್ರೆಸಿಂಗ್ ಇರುತ್ತದೆ. ಇವರಲ್ಲಿ ಒಗ್ಗುವಿಕೆ ಬೇಗ ಬರಬಹುದು, ಡೋಸ್ ಏರಬಹುದು. ಗಾಯ ಮಾಯ್ದಂತೆ ಮೆಲ್ಲಗೆ ಇಳಿಸಿ ನಿಲ್ಲಿಸುತ್ತಾರೆ. ಮನೆಗೆ ಕಳಿಸುವಾಗ ಹೇಗೆ ಇಳಿಸಬೇಕು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಸಕ್ಕರೆ ಕಾಯಿಲೆಯವರ ಕಾಲಿನ ಗಾಯದ ಕಥೆ ಬೇರೆ. ಅಲ್ಲಿ ಮುಖ್ಯವಾದದ್ದು ಸಕ್ಕರೆ ಹತೋಟಿ, ಸೋಂಕು, ರಕ್ತದ ಓಡಾಟ, ಕಾಲಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು. ನೋವಿಗೆಂದು ಮೆಡಿಕಲ್ ಶಾಪ್‌ನಿಂದ ಟ್ರಮಡಾಲ್ ತಂದು ತಿಂಗಳುಗಟ್ಟಲೆ ನುಂಗಿಸುವುದು ತಪ್ಪು. ಅದೂ ಮಾರ್ಫಿನ್ ಜಾತಿಯದೇ, 2018ರಿಂದ ಮಾದಕ ವಸ್ತುಗಳ ಕಾನೂನಿನಡಿ ಬಂದಿದೆ. ಅದಕ್ಕೂ ದೇಹ ಒಗ್ಗುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ.

ಮಾರ್ಫಿನ್ ಎಲ್ಲಿ ಸಿಗುತ್ತದೆ?

1985ರ ಮಾದಕ ವಸ್ತುಗಳ ಕಾನೂನು ಬಂದ ಮೇಲೆ ಪರವಾನಗಿಗಳ ಜಂಜಾಟಕ್ಕೆ ಹೆದರಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರಲ್ಲಿ ತಿದ್ದುಪಡಿಯಾಗಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಸುಲಭವಾಗಿ ಇಟ್ಟುಕೊಳ್ಳಲು ದಾರಿಯಾಯಿತು. ಕೇರಳದ ವೈದ್ಯ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. ಆದರೂ 2017ರ ಲ್ಯಾನ್ಸೆಟ್ ಆಯೋಗದ ಲೆಕ್ಕದಂತೆ ಭಾರತದಲ್ಲಿ ಸಿಗುತ್ತಿದ್ದದ್ದು ಅಗತ್ಯದ ಶೇ 4ರಷ್ಟು ಮಾತ್ರ. ಗಸಗಸೆ ಬೆಳೆಯುವ ನಾಡಿನಲ್ಲೇ ಈ ಗತಿ!

ನಮ್ಮಲ್ಲಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ನೋವು ನಿವಾರಣೆಯ ವಿಭಾಗವೇ ಇದೆ. 1994ರಲ್ಲಿ ಆರಂಭವಾದ ಬೆಂಗಳೂರು ಹಾಸ್ಪಿಸ್ ಟ್ರಸ್ಟ್‌ನ 'ಕರುಣಾಶ್ರಯ' ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ. ತಿಪಟೂರಿನಿಂದ ರೈಲಿದೆ ನಿಜ, ಆದರೆ ತೆರೆದ ಗಾಯದವರನ್ನು ತಿಂಗಳು ತಿಂಗಳು ಕರೆದೊಯ್ಯುವುದು ಸಣ್ಣ ಮಾತಲ್ಲ. ಹಾಗಾಗಿ ಮೊದಲ ಸಲ ಹೋದಾಗಲೇ ಮೂರು ಪ್ರಶ್ನೆ ಕೇಳಿ. ಎಷ್ಟು ದಿನದ ಮಾತ್ರೆ ಕೊಡುತ್ತೀರಿ? ಮುಂದಿನ ಸಲ ಮನೆಯವರೇ ಚೀಟಿ ತಂದರೆ ಆಗುತ್ತದಾ? ತುಮಕೂರಿನಲ್ಲಿ ಎಲ್ಲಾದರೂ ಸಿಗುತ್ತದಾ? ಸಂಶಯ ಬಂದಾಗ ಮಾತಾಡಲು ಫೋನ್ ನಂಬರ್ ಬರೆಸಿಕೊಂಡು ಬನ್ನಿ. ಮಾತ್ರೆ ಮುಗಿಯಲು ಒಂದು ವಾರ ಇರುವಾಗಲೇ ಹೊರಡಿ. ನಿಮ್ಮೂರಿನ ಆಶಾ ಕಾರ್ಯಕರ್ತೆಗೂ ವಿಷಯ ತಿಳಿದಿರಲಿ.

ನೆನಪಿಡಿ

* ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡಿ. ನರಳಲಿ ಅಂತ ಕಾಯಬೇಡಿ.
* ನಾಲ್ಕು ಗಂಟೆಗೊಮ್ಮೆ ಕೊಡುವ ಸಾದಾ ಮಾತ್ರೆಯನ್ನು ನುಂಗಲಾಗದಿದ್ದರೆ ಪುಡಿ ಮಾಡಿ ನೀರಲ್ಲಿ ಕೊಡಬಹುದು. ಹನ್ನೆರಡು ಗಂಟೆಗೊಮ್ಮೆ ಕೊಡುವ ಮಾತ್ರೆಯನ್ನು ಎಂದೂ ಪುಡಿ ಮಾಡಬೇಡಿ, ಇಡೀ ಔಷಧ ಒಮ್ಮೆಗೇ ಸೇರಿ ಅಪಾಯ.
* ಎಬ್ಬಿಸಿದರೂ ಏಳದಷ್ಟು ನಿದ್ದೆ, ನಿಧಾನವಾದ ಉಸಿರು, ಸೂಜಿಮೊನೆಯಷ್ಟು ಕಿರಿದಾದ ಕಣ್ಣಗೊಂಬೆ ಕಂಡರೆ ಮುಂದಿನ ಮಾತ್ರೆ ಕೊಡದೆ ಕೂಡಲೇ ಆಸ್ಪತ್ರೆಗೆ ಹೋಗಿ.
* ಕೈಕಾಲು ಜಗ್ಗುವುದು, ತಡಬಡ ಮಾತು, ಮೂತ್ರ ಕಡಿಮೆಯಾಗುವುದು ಕಂಡರೆ ಅಂದೇ ಡಾಕ್ಟರಿಗೆ ತಿಳಿಸಿ. ಕಿಡ್ನಿ ಸೋತರೆ ಔಷಧ ದೇಹದಲ್ಲೇ ಉಳಿಯುತ್ತದೆ.
* ನಿದ್ದೆ ಮಾತ್ರೆ, ಹೆಂಡ ಜೊತೆ ಸೇರಿಸಬೇಡಿ. ಥಟ್ಟನೆ ನಿಲ್ಲಿಸಬೇಡಿ.
* ಉಳಿದ ಮಾತ್ರೆಯನ್ನು ಕೊಟ್ಟ ಆಸ್ಪತ್ರೆಗೇ ಹಿಂತಿರುಗಿಸಿ.
* ಮನೆಯ ಉಳಿದವರ ಎಲೆಚೀಲ ಒಮ್ಮೆ ನೋಡಿ. ಹೊಗೆಸೊಪ್ಪು ಮಾತ್ರವಲ್ಲ, ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಬಾಯಲ್ಲಿ ಎರಡು ವಾರ ಮಾಯದ ಹುಣ್ಣಿದ್ದರೆ ತೋರಿಸಿ.

ಮತ್ತೆ ಆ ತೋಟದ ಮನೆಗೆ ಬನ್ನಿ. ಅಕ್ಕಿ ಡಬ್ಬದ ಹಿಂದಿನ ಪಟ್ಟಿಯನ್ನು ಹೊರಗೆ ತೆಗೆಯಿರಿ. ಈ ಹೊತ್ತಿನದು ಕೊಡಿ. ಗಾಯ ಬಿಚ್ಚಿ ನೋಡಿ, ಕ್ಯಾಲೆಂಡರ್ ಮೇಲೆ ಬರೆಯಿರಿ, ನಾಳೆ ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿ. ಗಂಡನಿಗೂ ಒಮ್ಮೆ ಡ್ರೆಸಿಂಗ್ ಮಾಡಲು ಕೊಡಿ, ನೋವು ಅಂದರೆ ಏನೆಂದು ಆಗ ಅವರಿಗೂ ತಿಳಿಯುತ್ತದೆ. ನಿಮಗೂ ಒಂದು ರಾತ್ರಿಯ ನಿದ್ದೆ ಸಿಗಲಿ.

ಅತ್ತೆಯ ಗಾಯ ಮಾಯುತ್ತದೆಂದು ಯಾರೂ ಮಾತು ಕೊಡಲಾರರು. ಆದರೆ ಸೆರಗು ಬಾಯಿಗೆ ಒತ್ತಿಕೊಂಡು ನರಳದೆ ಒಂದು ರಾತ್ರಿ ಮಲಗುವುದು ಅವರ ಹಕ್ಕು. ಅದನ್ನು ಕೊಡುವುದು ನಿಮ್ಮ ಕೈಯಲ್ಲಿದೆ.